ಬಿಡದ ಮಳೆಯಲ್ಲಿ ಮನೆಯೊಳಗೆ ಬಟ್ಟೆ ಒಣಗಿಸುವುದು ಹೇಗೆ?

ಮೂರು ದಿನದಿಂದ ಜಿಟಿಜಿಟಿ ಮಳೆ. ಒಗೆದ ಬಟ್ಟೆಗಳೆಲ್ಲ ರೂಮಿನ ಹಗ್ಗದ ಮೇಲಿವೆ. ಥಂಡಿ ಗಾಳಿ ಬರುತ್ತದೆ ಅಂತ ಕಿಟಕಿ ಮುಚ್ಚಿದೆ. ಮೂರನೇ ದಿನ ಅಂಗಿ ತೆಗೆದು ಮೂಸಿದರೆ ಮುಗ್ಗಲು ವಾಸನೆ. ಮತ್ತೆ ಒಗೆಯುತ್ತಾರೆ, ಮತ್ತೆ ಅದೇ ರೂಮಿನಲ್ಲಿ ಹಾಕುತ್ತಾರೆ, ಮತ್ತೆ ಅದೇ ವಾಸನೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಲ್ಲರೂ ಮಳೆಯನ್ನು ಬೈಯುತ್ತಾರೆ. ನಾನು ಮೊದಲು ನೋಡುವುದು ಆ ಮುಚ್ಚಿದ ಕಿಟಕಿಯನ್ನು.

ಹಂತ 1: ಸ್ವಲ್ಪ ಸ್ವಲ್ಪವೇ ಒಗೆಯಿರಿ. ಬೆಡ್‌ಶೀಟ್, ಜೀನ್ಸ್, ದಪ್ಪ ಟವೆಲ್ ಎಲ್ಲ ಒಂದೇ ದಿನ ಬೇಡ.

ಹಂತ 2: ಚೆನ್ನಾಗಿ ಹಿಂಡಿ. ಮಷೀನಿನಲ್ಲಿ ಒಗೆಯುವವರು ಕೊನೆಯಲ್ಲಿ ಸ್ಪಿನ್ ಮಾತ್ರ ಇನ್ನೊಂದು ಸಲ ಹಾಕಿ. ನಾಲ್ಕು ಕೆಜಿ ಬಟ್ಟೆಯಲ್ಲಿ ಸ್ಪಿನ್ ಆದ ಮೇಲೂ ಎರಡು ಲೀಟರ್‌ನಷ್ಟೋ ಅದಕ್ಕಿಂತ ಜಾಸ್ತಿಯೋ ನೀರು ಉಳಿದಿರುತ್ತದೆ. ಈ ಎರಡು ಲೀಟರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೈಯಲ್ಲಿ ಒಗೆಯುವವರು ಒದ್ದೆ ಅಂಗಿಯನ್ನು ಒಣಗಿದ ಟವೆಲ್ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ ಗಟ್ಟಿಯಾಗಿ ಒತ್ತಿ. ಅರ್ಧ ಕೆಲಸವನ್ನು ಆ ಟವೆಲ್ಲೇ ಮುಗಿಸುತ್ತದೆ. ಒಗೆದಾದ ಮೇಲೆ ಬಟ್ಟೆಯನ್ನು ಮಷೀನಿನಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ವಾಸನೆ ಅಲ್ಲಿಂದಲೇ ಶುರುವಾಗುತ್ತದೆ.

ಈ ವಾಸನೆಯ ಬಗ್ಗೆ ಒಂದು ಮಾತು. 2012ರಲ್ಲಿ ಜಪಾನಿನ ಸಂಶೋಧಕರು ಇದರ ಹಿಂದೆ ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದರು. ಒಗೆದ ಮೇಲೂ ಅದು ನೂಲಿನಲ್ಲಿ ಉಳಿಯಬಲ್ಲದು. ಬಟ್ಟೆ ಹಸಿಯಾಗಿರುವಷ್ಟು ಹೊತ್ತೂ ಬೆಳೆಯುತ್ತದೆ. ಅದಕ್ಕೇ ಮೊದಲ ಕೆಲವು ಗಂಟೆ ಅಷ್ಟು ಮುಖ್ಯ. ಸುವಾಸನೆಯ ಸಾಫ್ಟ್‌ನರ್ ಸುರಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ವಾಸನೆಯ ಮೇಲೆ ಇನ್ನೊಂದು ವಾಸನೆ ಬಳಿಯುತ್ತದೆ, ಅಷ್ಟೇ. ಟವೆಲ್‌ಗಂತೂ ಅದನ್ನು ಹಾಕಲೇಬೇಡಿ. ನೂಲಿನ ಮೇಲೆ ಪದರ ಕಟ್ಟಿ ಟವೆಲ್ ನೀರು ಹೀರುವುದೇ ಕಮ್ಮಿಯಾಗುತ್ತದೆ. ಸೋಪಿನ ಪುಡಿ ಜಾಸ್ತಿ ಹಾಕುವುದೂ ಬೇಡ. ತೊಳೆದುಹೋಗದೆ ಉಳಿದ ಸೋಪಿಗೆ ಕೊಳೆ ಇನ್ನೂ ಬೇಗ ಅಂಟುತ್ತದೆ.

ಹಂತ 3: ಬಟ್ಟೆ ಹಾಕುವುದು. ಒಂದರ ಮೇಲೊಂದು ಬೇಡ. ಎರಡು ಬಟ್ಟೆಗಳ ನಡುವೆ ನಿಮ್ಮ ಕೈ ಆರಾಮವಾಗಿ ಓಡಾಡಬೇಕು. ಜೀನ್ಸನ್ನು ಒಳಮಗ್ಗುಲು ಹೊರಗೆ ಮಾಡಿ, ಜೇಬುಗಳನ್ನು ಎಳೆದುಬಿಟ್ಟು, ಸೊಂಟವನ್ನು ನಾಲ್ಕು ಕಡೆ ಕ್ಲಿಪ್ ಹಾಕಿ ಕೊಳವೆಯಂತೆ ತೂಗುಹಾಕಿ. ಹಗ್ಗದ ಮೇಲೆ ಮಡಿಚಿ ಹಾಕಿದ ಜೀನ್ಸಿಗಿಂತ ಅರ್ಧ ದಿನ ಮೊದಲೇ ಒಣಗಿದ್ದನ್ನು ನಾನೇ ನೋಡಿದ್ದೇನೆ. ಗೋಡೆಯಿಂದ ಒಂದು ಗೇಣಾದರೂ ದೂರ ಇರಲಿ, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಹಂತ 4: ಗಾಳಿ. ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಗಾಳಿ ಎಷ್ಟು ನೀರನ್ನು ಹಿಡಿದುಕೊಳ್ಳಬಲ್ಲದು ಎನ್ನುವುದಕ್ಕೆ ಮಿತಿ ಇದೆ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ರೂಮು ಅಂದುಕೊಳ್ಳಿ. ಒಳಗೆ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಲ್ಲಿನ ಅಷ್ಟೂ ಗಾಳಿ ಹಿಡಿಯುವುದು ಸುಮಾರು ಒಂದು ಲೀಟರ್ ನೀರಿನ ಆವಿ ಮಾತ್ರ. ಮಳೆಗಾಲದಲ್ಲಿ ತೇವಾಂಶ ಮೊದಲೇ ಶೇ 70 ಇರುತ್ತದೆ. ಅಂದರೆ ಇನ್ನು ಜಾಗ ಇರುವುದು 300 ಮಿಲಿಲೀಟರ್‌ಗೆ. ನಿಮ್ಮ ಬಟ್ಟೆಯಲ್ಲಿರುವುದು ಎರಡು ಲೀಟರ್. ಕಿಟಕಿ ಮುಚ್ಚಿದರೆ ಉಳಿದ ನೀರು ಎಲ್ಲಿಗೆ ಹೋಗಬೇಕು? ಬಟ್ಟೆಯಲ್ಲೇ ಉಳಿಯುತ್ತದೆ, ಇಲ್ಲವೇ ತಣ್ಣನೆಯ ಗೋಡೆ, ಕಿಟಕಿಯ ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ.

ಹೊರಗೆ ಮಳೆ ಸುರಿಯುತ್ತಿರುವಾಗ ಕಿಟಕಿ ತೆರೆದರೆ ಒದ್ದೆ ಗಾಳಿ ಒಳಗೆ ಬರುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ, ಆದರೆ ಸಾಮಾನ್ಯವಾಗಿ ಅದು ತಣ್ಣಗಿರುತ್ತದೆ. ತಣ್ಣನೆ ಗಾಳಿ ಹಿಡಿಯುವ ನೀರು ಕಮ್ಮಿ. ಹೊರಗಿನ 20 ಡಿಗ್ರಿಯ ಗಾಳಿ ಪೂರ್ತಿ ತೇವ ತುಂಬಿಕೊಂಡಿದ್ದರೂ, ನಿಮ್ಮ 27 ಡಿಗ್ರಿಯ ರೂಮಿಗೆ ಬಂದು ಬೆಚ್ಚಗಾದ ಮೇಲೆ ಅದರ ತೇವಾಂಶ ಶೇ 66ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಸಾಕು, ಬಟ್ಟೆಯ ನೀರನ್ನು ಎತ್ತಿಕೊಂಡು ಹೊರಗೆ ಹೋಗುತ್ತದೆ. ಎದುರುಬದುರು ಎರಡು ಕಿಟಕಿಗಳನ್ನು ನಾಲ್ಕು ಬೆರಳಿನಷ್ಟು ತೆರೆದಿಡಿ. ಒಂದೇ ಕಿಟಕಿ ಇದ್ದರೆ ಬಾಗಿಲು ತೆರೆದು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ. ಇರಚಲು ಒಳಗೆ ಬರುವ ಕಡೆಯದ್ದನ್ನು ಮಾತ್ರ ಮುಚ್ಚಿ.

ಇನ್ನು ಫ್ಯಾನ್. ಒದ್ದೆ ಬಟ್ಟೆಯ ಸುತ್ತ ತೇವದ ಗಾಳಿಯ ತೆಳು ಪದರ ಕಟ್ಟಿಕೊಂಡಿರುತ್ತದೆ. ಅದನ್ನು ಸರಿಸುತ್ತಾ ಇರುವುದೇ ಫ್ಯಾನಿನ ಕೆಲಸ. ಸೀಲಿಂಗ್ ಫ್ಯಾನಿಗಿಂತ ನೆಲದ ಮೇಲೆ ನಿಲ್ಲಿಸುವ ಫ್ಯಾನ್ ಎಷ್ಟೋ ವಾಸಿ. ಆದರೆ ಅದನ್ನು ಮೊದಲ ಬಟ್ಟೆಗೆ ನೇರವಾಗಿ ಹಿಡಿಯಬೇಡಿ. ಆ ಒಂದು ಬಟ್ಟೆ ಹಿಂದಿನದ್ದಕ್ಕೆಲ್ಲ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಫ್ಯಾನನ್ನು ಪಕ್ಕದಲ್ಲಿ ಕೆಳಗಿಟ್ಟು, ಬಟ್ಟೆಗಳ ಸಂದಿಯಲ್ಲಿ ಗಾಳಿ ಹಾದುಹೋಗುವಂತೆ ತಿರುಗಿಸಿ. ಮೊದಲ ನಾಲ್ಕೈದು ಗಂಟೆ ಆರಿಸಲೇಬೇಡಿ.

ಹೊರಗೂ ಒಳಗೂ ಒಂದೇ ಸೆಕೆ, ಮೈಯೆಲ್ಲ ಅಂಟಂಟು ಎನ್ನುವಂಥ ದಿನ ಕಿಟಕಿಯಿಂದ ಹೆಚ್ಚು ಲಾಭವಿಲ್ಲ. ಎಸಿ ಇದ್ದರೆ ಅದರ ಡ್ರೈ ಮೋಡ್, ಇಲ್ಲವೇ ಗಾಳಿಯ ತೇವ ತೆಗೆಯುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್ ಹಾಕಿ. ಆಗ ಮಾತ್ರ ಕಿಟಕಿ ಮುಚ್ಚಬೇಕು.

ಗ್ಯಾಸ್ ಒಲೆಯ ಮೇಲೆ ಬಟ್ಟೆ ಹಿಡಿಯುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಬೆಂಕಿಯ ಅಪಾಯ ಒಂದು ಕಡೆ. ಜೊತೆಗೆ ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಅದೇ ರೂಮಿಗೆ ಸೇರುತ್ತದೆ.

ಬೇರೆ ಹವೆಯಲ್ಲಿ ಇಷ್ಟು ತಲೆನೋವಿಲ್ಲ. ಮೋಡ ಕವಿದಿದ್ದರೂ ಒಣಗಾಳಿ ಬೀಸುತ್ತಿದ್ದರೆ ಧೈರ್ಯವಾಗಿ ಹೊರಗೆ ಹಾಕಿ. ಮಂಜು ಕವಿದ ಬೆಳಗ್ಗೆ ಆತುರ ಬೇಡ, ಅದು ಕರಗುವ ತನಕ ಕಾಯಿರಿ. ಸುಡು ಬಿಸಿಲಿನಲ್ಲಿ ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಮಾಡಿ ಹಾಕಿ, ಒಣಗಿದ ಕೂಡಲೇ ತೆಗೆಯಿರಿ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲೂ ಬಟ್ಟೆ ಒಣಗುತ್ತದೆ. ಮರದ ಹಲಗೆಯಂತೆ ಸೆಟೆದು ನಿಲ್ಲುತ್ತದೆ, ಆಮೇಲೆ ಅದರ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ನಿಧಾನ, ಆದರೆ ಆಗುತ್ತದೆ.

ಹಂತ 5: ಒಣಗಿದೆಯೇ ಅಂತ ನೋಡುವುದು. ಅಂಗಿಯ ಮಧ್ಯಭಾಗ ಮುಟ್ಟಿ ನೋಡಿದರೆ ಸಾಲದು. ಹೊಲಿಗೆ, ಕಾಲರ್, ಕಂಕುಳು, ಸೊಂಟಪಟ್ಟಿ ಮುಟ್ಟಿ. ನೀರು ಆರುವಾಗ ಬಟ್ಟೆ ತಣ್ಣಗಾಗುತ್ತದೆ, ಹಾಗಾಗಿ ಮಧ್ಯಭಾಗಕ್ಕಿಂತ ಹೊಲಿಗೆ ತಣ್ಣಗಿದ್ದರೆ ಅಲ್ಲಿ ಇನ್ನೂ ಹಸಿ ಇದೆ ಎಂದೇ ಅರ್ಥ. ಅಂಥದ್ದಕ್ಕೆ ಇಸ್ತ್ರಿ ಒತ್ತಿ ಬಿಸಿಬಿಸಿಯಾಗಿಯೇ ಮಡಿಚಿಡುತ್ತಾರಲ್ವಾ, ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಇಸ್ತ್ರಿ ಆದ ಮೇಲೆ ಹ್ಯಾಂಗರಿಗೆ ಹಾಕಿ ಒಂದು ಗಂಟೆ ಫ್ಯಾನ್ ಕೆಳಗೆ ಬಿಡಿ. ಬೀರುವಿಗೆ ಆಮೇಲೆ ಇಡಿ.