ಗುಡ್ಡ, ತೋಟ, ದರೆ ಮಧ್ಯೆ ಡ್ರೋನ್ ಹಾರಿಸೋದು: ನನ್ನ ಅನುಭವ

ಯೂಟ್ಯೂಬಲ್ಲಿ ಡ್ರೋನ್ ಕಲಿಸೋ ವಿಡಿಯೋ ಎಲ್ಲಾ ಬಯಲಲ್ಲೇ ಮಾಡಿರ್ತಾರೆ. ದೊಡ್ಡ ಮೈದಾನ, ನಾಲ್ಕೂ ಕಡೆ ಖಾಲಿ, ಎತ್ತು, ಮುಂದಕ್ಕೆ ತಳ್ಳು, ಇಳಿಸು, ಮುಗೀತು. ನಮ್ಮ ತೀರ್ಥಹಳ್ಳಿ ಕಡೆ ಅಂಥ ಜಾಗ ಎಲ್ಲಿದೆ ಮಾರಾಯ್ರೆ, ಮನೆ ಮುಂದೆ ಒಂದು ಅಂಗಳ, ಅದರ ಕೆಳಗೆ ತೋಟ, ತೋಟದ ಆಚೆ ಗದ್ದೆ, ಗದ್ದೆ ದಾಟಿದ್ರೆ ಮತ್ತೆ ಸೊಪ್ಪಿನ ಬೆಟ್ಟ ಏರು, ಹಿಂದೆ ತಿರುಗಿದ್ರೆ ದರೆ, ಅಂದ್ರೆ ಗೋಡೆ ಥರ ನಿಂತ ಕಡಿದಾದ ಮಣ್ಣು. ಇಲ್ಲಿ ಹಾರಿಸೋದು ಕಲೀಬೇಕು ಅಂದ್ರೆ ಸ್ಟಿಕ್ ತಿರುಗಿಸೋದಕ್ಕಿಂತ ಮೊದಲು ಎತ್ತರದ ಲೆಕ್ಕ ತಲೆಗೆ ಹೋಗ್ಬೇಕು ಅನ್ನೋದು ನನ್ನ ಅಭಿಪ್ರಾಯ, ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ಸ್ಕ್ರೀನ್ ಮೇಲೆ ಎತ್ತರ 80 ಮೀಟರ್ ಅಂತ ತೋರಿಸ್ತಾ ಇದ್ರೆ ಅದು ನೀವು ಹಾರಿಸಿದ ಜಾಗದಿಂದ 80 ಮೀಟರ್, ಈಗ ಡ್ರೋನಿನ ಕೆಳಗಿರೋ ನೆಲದಿಂದ ಅಲ್ಲ. ಒಳಗಿರೋ ಬ್ಯಾರೋಮೀಟರ್ ಗಾಳಿ ಒತ್ತಡ ನೋಡಿ, ಎಲ್ಲಿಂದ ಎದ್ದೆ ಅನ್ನೋದನ್ನ ಸೊನ್ನೆ ಅಂತ ಇಟ್ಕೊಂಡು ಲೆಕ್ಕ ಹಾಕತ್ತೆ. ಬಯಲುಸೀಮೆಯವರಿಗೆ ಎರಡೂ ಒಂದೇ, ನಮಗೆ ಅಲ್ಲ. ನಮ್ಮನೆ ಅಂಗಳದಿಂದ ಎದುರಿನ ಬೆಟ್ಟದ ನೆತ್ತಿ ಸುಮಾರು 70 ಮೀಟರ್ ಮೇಲಿದೆ, ಅದರ ಮೇಲಿರೋ ಮರ ಇನ್ನೊಂದು ಇಪ್ಪತ್ತೈದು ಮೀಟರ್. ಅಂದ್ರೆ ಸ್ಕ್ರೀನಲ್ಲಿ 90 ಇದೆ, ಬೇಕಾದಷ್ಟು ಮೇಲಿದೀನಿ ಅಂತ ಬೆಟ್ಟದ ಕಡೆ ತಳ್ಳಿದ್ರೆ ನೇರ ಹೋಗಿ ಮರದ ಕೊಂಬೆಗೇ ಸೇರ್ಕೊಳ್ಳೋದು. ಉಲ್ಟಾ ಕೇಸೂ ಇದೆ. ಕುಂದಾದ್ರಿ ಥರ ಬಂಡೆ ತುದಿಯಲ್ಲಿ ನಿಂತು ಎಬ್ಬಿಸಿ ಹೊರಗೆ ತಳ್ಳಿದ್ರಿ ಅಂತ ಇಟ್ಕೊಳ್ಳಿ, ಸ್ಕ್ರೀನ್ 40 ಅಂತಿರತ್ತೆ, ಆದ್ರೆ ಕೆಳಗೆ ನೆಲ ನೂರಾರು ಮೀಟರ್ ಆಳದಲ್ಲಿ. ನಿಯಮದ ಪ್ರಕಾರ ಹಸಿರು ವಲಯದಲ್ಲಿ (ಡ್ರೋನಿಗೆ ಸರ್ಕಾರ ಮುಕ್ತವಾಗಿ ಬಿಟ್ಟಿರೋ ಜಾಗ) 120 ಮೀಟರ್, ಅಂದ್ರೆ 400 ಅಡಿ ತನಕ ಪರ್ಮಿಷನ್ ಬೇಡ, ಅದನ್ನ ನಾನು ಕೆಳಗಿರೋ ನೆಲದಿಂದಲೇ ಲೆಕ್ಕ ಹಿಡೀತೀನಿ, ಹಾಗಾಗಿ ತುದಿಯಿಂದ ಹೊರಗೆ ತಳ್ಳೋ ಶಾಟ್ ನನ್ನ ಹತ್ರ ಇಲ್ಲ. ರೀಲ್ಸಲ್ಲಿ ಚೆನ್ನಾಗಿ ಕಾಣತ್ತೆ ನಿಜ.

ಇದಕ್ಕಿಂತ ಅಪಾಯದ್ದು ರಿಟರ್ನ್ ಟು ಹೋಮ್. ಸಿಗ್ನಲ್ ಕಟ್ ಆದ್ರೆ ಡ್ರೋನ್ ತಾನಾಗೇ ವಾಪಸ್ ಬರತ್ತೆ ಅಂತ ಅಂಗಡಿಯವರು ಹೇಳಿ ಮಾರ್ತಾರೆ, ಹೇಗೆ ಬರತ್ತೆ ಅಂತ ಹೇಳಲ್ಲ. ಮೊದಲು ನಾವು ಸೆಟ್ ಮಾಡಿಟ್ಟ ಎತ್ತರಕ್ಕೆ ಏರತ್ತೆ, ಆಮೇಲೆ ಎದ್ದ ಜಾಗದ ಕಡೆ ನೇರ ಗೆರೆ ಎಳೆದಂಗೆ ಬರತ್ತೆ, ನಡುವೆ ಗುಡ್ಡ ಇದೆಯಾ ಮರ ಇದೆಯಾ ಅಂತ ಸಣ್ಣ ಡ್ರೋನ್‌ಗಳಲ್ಲಿ ಬಹಳಷ್ಟಕ್ಕೆ ಗೊತ್ತಾಗಲ್ಲ. ಸಾಗರ ಕಡೆ ನನ್ನ ಸ್ನೇಹಿತನೊಬ್ಬ ಗುಡ್ಡದ ಆಚೆ ಮಗ್ಗುಲಿಗೆ ಇಳಿಸಿದ್ದ, ಗುಡ್ಡ ಅಡ್ಡ ಬಂದು ಸಿಗ್ನಲ್ ಹೋಯ್ತು, ರಿಟರ್ನ್ ಎತ್ತರ ಬಾಕ್ಸಿಂದ ತೆಗೆದಾಗ ಎಷ್ಟಿತ್ತೋ ಅಷ್ಟೇ ಬಿಟ್ಟಿದ್ದ, ಡ್ರೋನ್ ಪಾಪ ಹೇಳಿದ ಹಾಗೆ ಕೇಳಿ ನೆಟ್ಟಗೆ ಬಂದು ಗುಡ್ಡಕ್ಕೇ ಹೊಡೀತು. ಸಿಕ್ಕಿದ್ದು ಒಂದು ತೋಳು, ಕ್ಯಾಮೆರಾ ಗಾಜು. ಅದಕ್ಕೇ ಗುಡ್ಡದ ಆಚೆ ಇಳಿಸಬೇಡಿ ಅಂತ ಕೇಳಿದವರಿಗೆಲ್ಲ ಹೇಳ್ತೀನಿ, ಕಣ್ಣಿಗೆ ಕಾಣೋ ಹಾಗೆ ಇದ್ರೆ ಮಾತ್ರ ಅದು ನಿಮ್ಮ ಡ್ರೋನ್. ಒದ್ದೆ ಎಲೆ ಕೂಡ ಸಿಗ್ನಲ್ ತಿನ್ನತ್ತೆ, ತೋಟದ ಒಳಗೆ ನಿಂತು ಹಾರಿಸಿದ್ರೆ ಆಂಟೆನಾ ಎಷ್ಟು ಉದ್ದ ಇದ್ರೂ ಪ್ರಯೋಜನ ಇಲ್ಲ.

ಹಾಗಾದ್ರೆ ಎತ್ತರ ಎಷ್ಟಿಡಬೇಕು? ನಾನು ಮಾಡೋದು ಹೀಗೆ. ಹೊಸ ಜಾಗಕ್ಕೆ ಹೋದ್ರೆ ಮೊದಲು ಸುತ್ತ ಒಂದು ರೌಂಡ್ ನಡೀತೀನಿ, ಯಾವುದು ಎಲ್ಲಕ್ಕಿಂತ ಎತ್ತರದ್ದು ಅಂತ ಗುರುತು ಮಾಡ್ಕೊಳ್ತೀನಿ, ಸಾಮಾನ್ಯವಾಗಿ ಒಂದು ಹಳೇ ಧೂಪದ ಮರ ಇಲ್ಲಾ ಗುಡ್ಡದ ಅಂಚು. ಆಮೇಲೆ ಡ್ರೋನನ್ನ ತೆರೆದ ಜಾಗದಲ್ಲಿ ನೇರ ಮೇಲಕ್ಕೆ ಮಾತ್ರ ಏರಿಸ್ತೀನಿ, ಮುಂದಕ್ಕಲ್ಲ, ಕ್ಯಾಮೆರಾನ ಸೊನ್ನೆ ಡಿಗ್ರಿಗೆ ಇಟ್ಟು, ಅಂದ್ರೆ ಮೇಲೂ ಅಲ್ಲ ಕೆಳಗೂ ಅಲ್ಲ ಸಮ. ನಿಧಾನಕ್ಕೆ ಏರ್ತಾ ಏರ್ತಾ ಆ ಮರದ ತುದಿ ಸ್ಕ್ರೀನಿನ ಸರಿಯಾಗಿ ಮಧ್ಯಕ್ಕೆ ಬರತ್ತಲ್ಲ, ಆಗ ಡ್ರೋನೂ ಮರದ ತುದಿಯೂ ಒಂದೇ ಮಟ್ಟದಲ್ಲಿವೆ. ಆಗ ಸ್ಕ್ರೀನಲ್ಲಿ ಎಷ್ಟಿದೆ ನೋಡಿ, ಅದೇ ಆ ತುದಿಯ ಎತ್ತರ, ನೀವು ನಿಂತ ಜಾಗದಿಂದ. ಅದಕ್ಕೆ ಇನ್ನೊಂದು ಮೂವತ್ತು ಮೀಟರ್ ಸೇರಿಸಿ ರಿಟರ್ನ್ ಎತ್ತರ ಇಡ್ತೀನಿ, ಅಷ್ಟಿಟ್ರೆ 120 ದಾಟತ್ತೆ ಅನ್ನೋ ಹಾಗಿದ್ರೆ ಆ ಜಾಗ ನಂಗೆ ಬೇಡ, ಬೇರೆ ಕಡೆ ನಿಲ್ತೀನಿ. ಗ್ರಿಡ್ ಲೈನ್ ಆನ್ ಮಾಡ್ಕೊಂಡ್ರೆ ಮಧ್ಯ ಯಾವುದು ಅಂತ ಸುಲಭವಾಗಿ ಗೊತ್ತಾಗತ್ತೆ. ಇಷ್ಟು ಮಾಡೋಕೆ ಬ್ಯಾಟರಿ ಸ್ವಲ್ಪ ಹೋಗತ್ತೆ, ಹೋಗ್ಲಿ.

ತಾರಸಿ ಮೇಲಿಂದ ಎಬ್ಬಿಸೋರು ತುಂಬಾ ಜನ. ಆರ್‌ಸಿಸಿ ಒಳಗಿನ ಕಬ್ಬಿಣಕ್ಕೆ ಕಂಪಾಸ್ ತಲೆ ಕೆಡತ್ತೆ, ನೆಲವೇ ವಾಸಿ. ಅಂಗಳದಲ್ಲಿ ಧೂಳು, ಅಡಿಕೆ ಒಣಗಿಸೋ ಕಾಲದಲ್ಲಂತೂ ಅಂಗಳವೇ ಖಾಲಿ ಇರಲ್ಲ, ಗೋಣಿಚೀಲ ಹಾಸಿದ್ರೆ ಅದರ ನಾರು ಮೋಟಾರಿಗೆ ಸುತ್ಕೊಳ್ಳತ್ತೆ. ಹಳೇ ಎಲೆಕ್ಷನ್ ಫ್ಲೆಕ್ಸ್ ಒಂದು ತುಂಡು ಮಡಚಿ ಬ್ಯಾಗಲ್ಲಿ ಇಟ್ಟಿದೀನಿ, ಬಿಳಿ ಮಗ್ಗುಲು ಮೇಲೆ ಮಾಡಿ ನಾಲ್ಕು ಮೂಲೆಗೆ ಕಲ್ಲು. ಅಭ್ಯರ್ಥಿ ಮುಖ ನೆಲಕ್ಕೆ.

ಕರೆಂಟ್ ವೈರ್ ವಿಷಯ. ಕ್ಯಾಮೆರಾದಲ್ಲಿ ವೈರ್ ಕಾಣಲ್ಲ, ಮರೆತುಬಿಡಿ, ಕಂಬ ಹುಡುಕಿ. ಒಂದು ಕಂಬ ಇಲ್ಲಿ ಇನ್ನೊಂದು ಅಲ್ಲಿ ಅಂದ್ರೆ ನಡುವೆ ವೈರ್ ಇದ್ದೇ ಇದೆ, ನಮ್ಮಲ್ಲಿ ಲೈನ್ ತೋಟದ ನಡುವೆ ಹಾದು ಕಣಿವೆ ದಾಟಿ ಹೋಗಿರತ್ತೆ, ರಸ್ತೆ ಬದಿ ನೋಡ್ಕೊಂಡ್ರೆ ಸಾಲಲ್ಲ. ದಾಟಲೇಬೇಕು ಅಂದ್ರೆ ಕಂಬದ ತಲೆಗಿಂತ ಚೆನ್ನಾಗಿ ಮೇಲೆ. ವೈರಿಗೆ ಸಿಕ್ಕಿ ನೇತಾಡ್ತಿರೋ ಡ್ರೋನನ್ನ ದೋಟಿ ತಗೊಂಡು ಇಳಿಸೋಕೆ ಹೋಗಬೇಡಿ, ಲೈನ್‌ಮನ್‌ಗೆ ಫೋನ್ ಮಾಡಿ, ಡ್ರೋನ್ ಇವತ್ತಲ್ಲ ನಾಳೆ ಸಿಗತ್ತೆ.

ವೈರಿಗಿಂತ ನಂಗೆ ಹೆದರಿಕೆ ಹೆಜ್ಜೇನಿಂದು. ಇದನ್ನ ಯಾವ ಮ್ಯಾನುಯಲ್ಲೂ ಹೇಳಲ್ಲ. ದೊಡ್ಡ ಮರದ ಕೊಂಬೆ, ಬಂಡೆ ಸಂದಿ, ಊರಿನ ನೀರಿನ ಟ್ಯಾಂಕಿನ ಅಡಿ, ಎಲ್ಲಿ ಬೇಕಾದ್ರೂ ಕಟ್ಟಿರತ್ತೆ. ಡ್ರೋನ್ ಹತ್ರ ಹೋಗಿ ಎದ್ದರೆ ಅವು ಡ್ರೋನನ್ನ ಕಚ್ಚಲ್ಲ, ಕೆಳಗೆ ಗದ್ದೆಯಲ್ಲಿ ಇದ್ದೋರನ್ನ, ದನ ಮೇಯಿಸೋರನ್ನ ಕಚ್ಚೋದು. ಅದಕ್ಕೆ ಗೊತ್ತಿಲ್ಲದ ಊರಲ್ಲಿ ಬ್ಯಾಗ್ ಬಿಚ್ಚೋಕೆ ಮುಂಚೆ ಯಾರಾದ್ರೂ ಹಿರಿಯರನ್ನ ಕೇಳ್ತೀನಿ, ಇಲ್ಲಿ ಹೆಜ್ಜೇನು ಎಲ್ಲಿ ಕಟ್ಟಿದೆ ಅಂತ. ಕರೆಕ್ಟಾಗಿ ಕೈ ತೋರಿಸಿ ಹೇಳ್ತಾರೆ, ಮಾತಾಡಿಸಿದ ಹಾಗೂ ಆಗತ್ತೆ, ಆಮೇಲೆ ಡ್ರೋನ್ ಶಬ್ದ ಕೇಳಿ ಯಾರೂ ಗಾಬರಿ ಬಿದ್ದು ಓಡಿ ಬರಲ್ಲ. ಹದ್ದು, ಗರುಡ ಸುತ್ತು ಹಾಕೋಕೆ ಶುರು ಮಾಡಿದ್ರೂ ಅಷ್ಟೇ, ಶೂಟಿಂಗ್ ಬಂದ್. ಅವು ಮೇಲಿಂದ ಎರಗೋದು, ಹಾಗಾಗಿ ಕೆಳಕ್ಕೆ ಓಡಿಸಿದ್ರೆ ಅವಕ್ಕೇ ಅನುಕೂಲ, ನಾನು ಸ್ವಲ್ಪ ಮೇಲಕ್ಕೆತ್ತಿ ದೂರ ಸರಿದು, ಬಿಟ್ಟು ಹೋದ ಮೇಲೆ ಇಳಿಸ್ತೀನಿ. ಅಡಿಕೆ ಗೊನೆ ಕೊಯ್ಯೋ ದಿನ ತೋಟದ ಮೇಲೆ ಹಾರಿಸೋದೇ ಇಲ್ಲ, ಮರದ ತುದಿಯಲ್ಲಿರೋ ಮನುಷ್ಯ ಶಬ್ದಕ್ಕೆ ಒಂದು ಸಲ ತಲೆ ಎತ್ತಿ ನೋಡಿದ್ರೂ ಸಾಕು, ಆಗೋ ಅನಾಹುತ ಬೇಡ.

ಜನರ ವಿಷಯಕ್ಕೆ ಬಂದೆ ಅಂತ ಹೇಳಿಬಿಡ್ತೀನಿ. ನಮ್ಮ ಕಡೆ ಡ್ರೋನ್ ಕಂಡ್ರೆ ಮೊದಲ ಪ್ರಶ್ನೆ, "ಸರ್ವೆಗೆ ಬಂದ್ರಾ?" ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಆಸ್ತಿ ಅಳೆಯೋಕೆ ಡ್ರೋನ್ ಬಳಸಿದಾರೆ, ಇನ್ನೊಂದು ಕಡೆ ಒತ್ತುವರಿ, ಬಗರ್‌ಹುಕುಂ ಅಂತ ಎಷ್ಟೋ ಮನೆಯವರು ಅರಣ್ಯ ಇಲಾಖೆ ನೋಟಿಸ್ ಹೆದರಿಕೆಯಲ್ಲೇ ಇದಾರೆ, ಅವರ ತೋಟದ ಮೇಲೆ ಹೇಳದೆ ಕೇಳದೆ ಒಂದು ಮಷಿನ್ ಗುಂಯ್ ಅಂತ ನಿಂತ್ರೆ ಏನು ಅನ್ಕೋಬೇಕು ಅವರು? ಸಿಟ್ಟು ಬರೋದು ಸಹಜ. ನಾನು ಮೊದಲೇ ಹೋಗಿ ಹೇಳ್ತೀನಿ, ಸ್ಕ್ರೀನ್ ತೋರಿಸ್ತೀನಿ, ಅವರ ಮನೆ ಬೇಡ ಅಂದ್ರೆ ಆ ಕಡೆ ತಿರುಗಿಸಲ್ಲ. ಹೊಳೆ ಕಡೆ ಬಟ್ಟೆ ಒಗೆಯೋ ಹೊತ್ತು, ಸ್ನಾನದ ಹೊತ್ತು ಹಾರಿಸಲ್ಲ. ಸ್ಕ್ರೀನ್ ನೋಡಿದ ಮೇಲೆ ಅರ್ಧ ಜನ ತಮ್ಮ ತೋಟ ಮೇಲಿಂದ ತೋರಿಸು ಅಂತ ತಾವೇ ಕೇಳ್ತಾರೆ ಅನ್ನೋದು ಬೇರೆ ಮಾತು.

ಕಾಗದ ಪತ್ರ ಬೇಗ ಹೇಳ್ತೀನಿ. ಈಗಿರೋದು 2021ರ ಡ್ರೋನ್ ರೂಲ್ಸ್. 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕೆಜಿ ತನಕ ಮೈಕ್ರೋ. ನಂದು ಮೈಕ್ರೋ, ದುಡ್ಡಿಗಲ್ಲದೆ ಹವ್ಯಾಸಕ್ಕೆ ಹಾರಿಸೋದಾದ್ರೆ ಪೈಲಟ್ ಸರ್ಟಿಫಿಕೇಟ್ ಬೇಡ, ಆದ್ರೆ ರಿಜಿಸ್ಟರ್ ಮಾಡಿ ಯುಐಎನ್, ಅಂದ್ರೆ ಡ್ರೋನಿನ ಗುರುತಿನ ನಂಬರ್ ತಗೋಬೇಕು, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು. ಯಾರದ್ದೋ ಮದುವೆಗೆ ಹೋಗಿ ದುಡ್ಡು ತಗೊಂಡು ಹಾರಿಸಿದ್ರೆ ಆಗ ಅದು ಹವ್ಯಾಸ ಅಲ್ಲ, ಡಿಜಿಸಿಎ (ಕೇಂದ್ರದ ವಿಮಾನಯಾನ ನಿರ್ದೇಶನಾಲಯ) ಒಪ್ಪಿದ ಟ್ರೈನಿಂಗ್ ಸಂಸ್ಥೆಯಲ್ಲಿ ಕಲಿತು ಸರ್ಟಿಫಿಕೇಟ್ ತಗೊಂಡಿರಬೇಕು. ನೆಂಟರ ಮದುವೆಗೆ ಕರೀತಾರೆ, ಕವರ್ ಕೊಡೋಕೆ ಬರ್ತಾರೆ, ನಾನು ಊಟಕ್ಕೆ ಮಾತ್ರ ಬರ್ತೀನಿ ಅಂತೀನಿ. ಹೊಸದಾಗಿ ತಗೊಳ್ಳೋರಿಗೆ ಇನ್ನೊಂದು ಮಾತು, 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದು ನಿಷೇಧ ಇದೆ, ಯಾರೋ ದುಬೈಯಿಂದ ತಂದುಕೊಡ್ತೀನಿ ಅಂದ್ರೆ ಕಸ್ಟಮ್ಸಲ್ಲೇ ಉಳಿಯೋದು.

ಶಿವಮೊಗ್ಗ ಪೇಟೆಯವರಿಗೆ ಇದು ಮುಖ್ಯ. ಸೋಗಾನೆಯಲ್ಲಿ ಏರ್‌ಪೋರ್ಟ್ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ಆಗಸ್ಟ್ ಕೊನೆಯಿಂದ ವಿಮಾನ ಹಾರ್ತಿವೆ. ಏರ್‌ಪೋರ್ಟ್ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಇದ್ರೆ 60 ಮೀಟರ್ ತನಕ ಮಾತ್ರ, ಅದಕ್ಕಿಂತ ಹತ್ರ ಇದ್ರೆ ಪರ್ಮಿಷನ್ ಇಲ್ಲದೆ ಎಬ್ಬಿಸೋ ಹಾಗೇ ಇಲ್ಲ. ಮುಂಚೆ ಇಲ್ಲೇ ಹಾರಿಸ್ತಿದ್ವಲ್ಲ ಅನ್ನೋದು ಈಗ ನಡೆಯಲ್ಲ, ಶಿವಮೊಗ್ಗ ಭದ್ರಾವತಿ ಸುತ್ತಮುತ್ತ ಇರೋರು ಸರ್ಕಾರದ ಆನ್‌ಲೈನ್ ಡ್ರೋನ್ ನಕ್ಷೆ ಡಿಜಿಟಲ್ ಸ್ಕೈ ಮ್ಯಾಪಲ್ಲಿ ತಮ್ಮ ಮನೆ ಯಾವ ಬಣ್ಣದಲ್ಲಿದೆ ನೋಡ್ಕೊಳ್ಳಿ. ಗಣಪತಿ ಮೆರವಣಿಗೆ, ದೊಡ್ಡವರ ಭೇಟಿ ಥರದ ಟೈಮಲ್ಲಿ 96 ಗಂಟೆ ತನಕ ತಾತ್ಕಾಲಿಕ ಕೆಂಪು ವಲಯ, ಅಂದ್ರೆ ಡ್ರೋನ್ ಹಾರಿಸಬಾರದ ಜಾಗ, ಮಾಡೋ ಅಧಿಕಾರವೂ ಇದೆ.

ಕಾಡಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು, ಬೈಸ್ಕೊಂಡಿದೀನಿ ಸ್ನೇಹಿತರ ಹತ್ರ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಮೂಕಾಂಬಿಕಾ, ಇವೆಲ್ಲ ಅಭಯಾರಣ್ಯ, ಇಲಾಖೆ ಅನುಮತಿ ಇಲ್ಲದೆ ಬ್ಯಾಗ್ ಸಮೇತ ಹೋಗೋದೂ ಬೇಡ, ಕೊಡಚಾದ್ರಿ ಆ ಮೂಕಾಂಬಿಕಾ ಅಭಯಾರಣ್ಯದ್ದೇ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಲಿಂಗನಮಕ್ಕಿ ಡ್ಯಾಂ, ಜೋಗದ ಕೆಳಗಿನ ಪವರ್ ಹೌಸ್ ಕಡೆಯಂತೂ ಕೇಳೋದೇ ಬೇಡ. ಆದ್ರೆ ನಂಗೆ ನಿಜಕ್ಕೂ ಹೊಟ್ಟೆ ಉರಿಯೋದು ಮಂಡಗದ್ದೆಯದ್ದು. ಮಳೆಗಾಲದಲ್ಲಿ ತುಂಗೆ ನಡುವಿನ ಆ ದ್ವೀಪದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿರ್ತಾವೆ, ರಸ್ತೆಯಿಂದಲೇ ಕಾಣತ್ತೆ. ಮೇಲೆ ಡ್ರೋನ್ ಬಂದ್ರೆ ತಾಯಿ ಹಕ್ಕಿ ಗೂಡು ಬಿಟ್ಟು ಏಳತ್ತೆ, ಮೊಟ್ಟೆ ಮರಿ ಬಯಲಿಗೆ ಬೀಳತ್ತೆ, ಕಾಗೆ ಕಾಯ್ತಾ ಇರತ್ತೆ, ಒಂದೆರಡು ನಿಮಿಷ ಸಾಕು. ನೂರು ಹಕ್ಕಿ ಒಟ್ಟಿಗೆ ಹಾರೋ ಶಾಟ್ ಸಿಕ್ತು ಅಂತ ಖುಷಿಪಡೋರಿಗೆ ಅವು ಯಾಕೆ ಹಾರಿದ್ವು ಅಂತ ಗೊತ್ತಿರಲ್ಲ. ದಡದಲ್ಲಿ ವಾಚ್ ಟವರ್ ಇದೆ, ಬೈನಾಕ್ಯುಲರ್ ತಗೊಂಡು ಹೋಗಿ.

ಮಂಜು, ಮಳೆ. ಬೆಳಿಗ್ಗೆ ಕಣಿವೆಯಲ್ಲಿ ಮಂಜು ತುಂಬ್ಕೊಂಡಾಗ ಹಾರಿಸಬೇಕು ಅನ್ನೋ ಆಸೆ ಎಲ್ಲರಿಗೂ. ಮಂಜಿನ ಮೇಲೆ ಹಾರಿಸಿದ್ರೆ ಇಳಿಸೋದು ಮಂಜಿನ ಒಳಗೇ ಅಲ್ವಾ, ಡ್ರೋನ್ ಕಣ್ಣಿಗೆ ಕಾಣಲ್ಲ, ಮೋಟಾರು ಸರ್ಕ್ಯೂಟಿಗೆಲ್ಲ ತೇವ. ನಾನು ಮಂಜಿನ ಗೆರೆಗಿಂತ ಮೇಲಿನ ಗುಡ್ಡಕ್ಕೆ ಹತ್ತಿ ಅಲ್ಲಿಂದ ಎಬ್ಬಿಸಿ ಅಲ್ಲೇ ಇಳಿಸ್ತೀನಿ, ಮಂಜು ಏರ್ತಾ ಬಂತು ಅಂದ್ರೆ ಪ್ಯಾಕಪ್. ನೀರಿನ ಮೇಲೆ ತೀರಾ ಕೆಳಗೆ ಹಾರಿಸೋದೂ ಇಲ್ಲ, ಅಡಿಯಲ್ಲಿರೋ ಸೆನ್ಸರ್‌ಗೆ ಅಲುಗಾಡೋ ನೀರು ಅರ್ಥ ಆಗಲ್ಲ, ಡ್ರೋನ್ ತಾನಾಗೇ ಸರಿಯತ್ತೆ ಇಲ್ಲಾ ಇಳಿಯತ್ತೆ. ಬ್ಯಾಟರಿ ಮೂವತ್ತು ಪರ್ಸೆಂಟ್ ಆದ್ರೆ ವಾಪಸ್, ಗುಡ್ಡದಲ್ಲಿ ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಮುಖಕ್ಕೆ ಹೊಡೀತಿರತ್ತೆ.

ಜೂನ್ ಬಂತು ಅಂದ್ರೆ ಡ್ರೋನ್ ಡಬ್ಬಿಗೆ. ಗಾಳಿಯಾಡದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದರ ಬಣ್ಣ ಬದಲಾದ್ರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕೋದು. ಬ್ಯಾಟರಿ ಡ್ರೋನಲ್ಲಿ ಬಿಡಲ್ಲ, ಫುಲ್ ಚಾರ್ಜ್ ಮಾಡಿಯೂ ಇಡಲ್ಲ, ಪೂರ್ತಿ ಖಾಲಿಯೂ ಬೇಡ, ಲಿಥಿಯಂ ಸೆಲ್ಲು ಅರ್ಧದ ಹತ್ರ, ಒಂದೊಂದು ಸೆಲ್ಲಿಗೆ 3.8 ವೋಲ್ಟ್ ಆಸುಪಾಸು ಇದ್ರೆ ಮಳೆಗಾಲ ಪೂರ್ತಿ ಆರಾಮಾಗಿರತ್ತೆ. ತಿಂಗಳಿಗೊಮ್ಮೆ ತೆಗೆದು ನೋಡೋದು. ಉಬ್ಬಿದ ಬ್ಯಾಟರಿ ಕಂಡ್ರೆ ಚಾರ್ಜ್ ಹಾಕೋ ಮಾತೇ ಇಲ್ಲ, ಮನೆ ಹೊರಗೆ ಮರಳು ತುಂಬಿದ ಬಕೆಟ್‌ನಲ್ಲಿಟ್ಟು, ಪೇಟೆಗೆ ಹೋದಾಗ ಇ-ವೇಸ್ಟ್ ತಗೊಳ್ಳೋರಿಗೆ ಕೊಟ್ಟು ಬರ್ತೀನಿ. ಅಕ್ಟೋಬರಲ್ಲಿ ತೆಗೆದಾಗ ಮೊದಲ ಕೆಲಸ ಪ್ರೊಪೆಲ್ಲರ್ ಅಂಚಿಗೆ ಉಗುರು ಎಳೆದು ನೋಡೋದು, ಕಣ್ಣಿಗೆ ಕಾಣದ ಬಿರುಕು ಉಗುರಿಗೆ ಸಿಗತ್ತೆ, ಒಂದು ಚೂರು ಅನುಮಾನ ಬಂದ್ರೂ ಹೊಸ ಸೆಟ್ ಹಾಕ್ತೀನಿ.