ಆಫೀಸಿಗೆ ಐದು ಹೊಲಿಸಿದ ಶರ್ಟು

ಹೊಲಿಸಿದ ಶರ್ಟು ಹಾಕಿದರೆ ಅಂಕಲ್ ಥರ ಕಾಣ್ತೀಯ ಎಂದು ನಕ್ಕ ಟೀಮಿನವರೇ ಈಗ ಟೈಲರ್ ಅಂಗಡಿ ಎಲ್ಲಿ ಅಂತ ಕೇಳುತ್ತಿದ್ದಾರೆ. ಕಂಪನಿ ಲೋಗೋ ಟೀಶರ್ಟೇ ಸಾಕು ಅನ್ನುವವರು ಆಪಲ್‌ನ ಸ್ಟೀವ್ ಜಾಬ್ಸ್ ಹೆಸರು ತೆಗೆಯುತ್ತಾರೆ. ಅವರ ಆ ಕತ್ತು ಮುಚ್ಚುವ ಕಪ್ಪು ಟರ್ಟಲ್‌ನೆಕ್‌ಗಳೂ ಜಪಾನಿನ ಫ್ಯಾಷನ್ ಡಿಸೈನರ್ ಇಸ್ಸೆ ಮಿಯಾಕೆ ಹತ್ತಿರ ಹೇಳಿ ಮಾಡಿಸಿದವೇ.

ಬಟ್ಟೆ ಬೆಂಗಳೂರಿನ ಚಿಕ್ಕಪೇಟೆಯದು. 58 ಇಂಚು ಅಗಲದ್ದಾದರೆ ತುಂಬು ತೋಳಿಗೆ 1.6 ಮೀಟರ್, 36 ಇಂಚಿನದಾದರೆ ಎರಡೂವರೆ. ಮೀಟರಿಗೆ 400ರ ಆಸುಪಾಸು, ಹೊಲಿಗೆ 450. 58 ಇಂಚಿನದರಲ್ಲಿ ಒಂದು ಶರ್ಟಿಗೆ 1,100 ಬಿತ್ತು ಅಂದುಕೊಳ್ಳಿ. ಮೊದಲ ಎರಡು ದಂಡವಾದದ್ದನ್ನು ಇದರಲ್ಲಿ ಸೇರಿಸಿಲ್ಲ.

ದಂಡವಾಗಿದ್ದು ನೆನೆಸದೆ ಹೊಲಿಯಲು ಕೊಟ್ಟದ್ದಕ್ಕೆ. ಮೂರನೇ ಒಗೆತದ ಹೊತ್ತಿಗೆ ತೋಳು ಮುಕ್ಕಾಲು ಇಂಚು ಮೇಲೇರಿತ್ತು. ಅದಕ್ಕಿಂತ ಕೆಟ್ಟದ್ದು ಕಾಲರ್: ಮೇಲಿನ ಬಟ್ಟೆ ಕುಗ್ಗುತ್ತದೆ, ಕಾಲರ್ ನೆಟ್ಟಗಿರಲು ಒಳಗೆ ಹಾಕುವ ಗಟ್ಟಿ ಬಟ್ಟೆ, ಅಂದರೆ ಬಕ್ರಮ್, ಕುಗ್ಗುವುದಿಲ್ಲ, ಮೇಲೆಲ್ಲ ಗುಳ್ಳೆ. ಇಸ್ತ್ರಿ ಹಾಕಿದಷ್ಟೂ ಹೆಚ್ಚಾಗುತ್ತದೆ. ಈಗ ಬಟ್ಟೆಯನ್ನು ರಾತ್ರಿಯಿಡೀ ಬರೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಯೇ ಕೊಡುವುದು. ಅಂಟಿಸುವ ಬಕ್ರಮ್ ಬೇಡ, ಹೊಲಿದು ಕೂರಿಸುವುದು ಹಾಕಿ ಎಂದರೆ ಟೈಲರ್ ಗೊಣಗುತ್ತಾರೆ. ಐವತ್ತು ಹೆಚ್ಚು ಕೊಡಿ, ಗೊಣಗಾಟ ನಿಲ್ಲುತ್ತದೆ.

ಅಳತೆಗೆ ಮೈಗಿಂತ ಒಂದು ಒಳ್ಳೆಯ ಹಳೇ ಶರ್ಟೇ ವಾಸಿ. ಟೇಪ್ ಹಿಡಿದರೆ ಎದೆಗೆ ಆರು ಇಂಚು ಲೂಸ್ ಬಿಡುವುದು ಟೈಲರ್‌ಗಳ ರೂಢಿ, ಅಂಕಲ್ ಕಳೆ ಬರುವುದೇ ಅಲ್ಲಿಂದ. ನಾಲ್ಕು ಸಾಕು. ಹೊರಗೆ ಬಿಟ್ಟು ಹಾಕುವುದಾದರೆ ಉದ್ದ 28, ಇನ್ ಮಾಡುವುದಾದರೆ 30. ನನ್ನದು ಸಾಧಾರಣ ಎತ್ತರ, ನಿಮ್ಮ ಲೆಕ್ಕ ನೀವು ಹಾಕಿಕೊಳ್ಳಿ. ಕಾಲರ್ ಪಟ್ಟಿಯ ಎತ್ತರದಲ್ಲಿ ಒಂದು ಗುಟ್ಟಿದೆ, ಅದು ನನ್ನ ಟೈಲರ್ ಹತ್ತಿರವೇ ಇರಲಿ.

ಬ್ಯಾಕ್‌ಪ್ಯಾಕ್ ಹಾಕುವವರು ತೆಳು, ನುಣುಪು ನೇಯ್ಗೆಯ ಪಾಪ್ಲಿನ್ ಬಿಡಿ. ಪಟ್ಟಿ ಉಜ್ಜಿ ಭುಜದ ಹೊಲಿಗೆಯ ಹತ್ತಿರ ಸವೆಯುತ್ತದೆ. ದಪ್ಪನೆಯ ಆಕ್ಸ್‌ಫರ್ಡ್ ನೇಯ್ಗೆ ತಡೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಸುಕ್ಕಾಗುವುದಿಲ್ಲ ನಿಜ, ಆದರೆ ಬೆವರಿನ ವಾಸನೆ ಹೇಗಿದೆ ಅಂತ ಸಂಜೆ ಮೀಟಿಂಗ್ ರೂಮಿನಲ್ಲಿ ಪಕ್ಕದವರನ್ನು ಕೇಳಿ ನೋಡಿ. ಲಿನನ್ ಸಿಲ್ಕ್‌ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವಷ್ಟರಲ್ಲಿ ಮುದ್ದೆ. ಬೈಕಿನವರು ಶರ್ಟಿನ ಮಡಿಕೆಗಳ ನಡುವೆ ಇಸ್ತ್ರಿ ಅಂಗಡಿಯ ಪ್ಲಾಸ್ಟಿಕ್ ಕವರ್ ಇಟ್ಟು ಬ್ಯಾಗಿನಲ್ಲಿ ಒಯ್ದು, ಆಫೀಸಿನಲ್ಲೇ ಹಾಕಿಕೊಳ್ಳಿ. ಬಟ್ಟೆಗೆ ಬಟ್ಟೆ ತಾಗದಿದ್ದರೆ ಗೆರೆ ಕಮ್ಮಿ.

ಮಧ್ಯೆ ಅನ್ನದ ಗಂಜಿಯನ್ನೂ ಹಾಕಿ ನೋಡಿದೆ, ಅರ್ಧ ಬಕೆಟ್ ನೀರಿಗೆ ಒಂದು ಲೋಟ. ತಿಳಿಬಣ್ಣಕ್ಕೆ ಸೊಗಸು, ಕಡುನೀಲಿಯ ಮೇಲೆ ಬಿಳಿ ತೇಪೆ. ಸೋಸಿದರೂ ಹೋಗಲಿಲ್ಲ.

ವಿಡಿಯೋ ಕಾಲ್ ಇದ್ದ ದಿನ ಸಣ್ಣ ಚೌಕಳಿ, ಸಣ್ಣ ಗೀಟು ಎರಡೂ ಬೇಡ. ಪರದೆಯಲ್ಲಿ ಅಲೆ ಅಲೆಯಾಗಿ ನಡುಗುತ್ತವೆ. ಅಪ್ಪಟ ಬಿಳಿ ಹಾಕಿದರೆ ಕ್ಯಾಮೆರಾ ಬೆಳಕು ತಗ್ಗಿಸಿ ಮುಖವನ್ನು ಕಪ್ಪಾಗಿಸುತ್ತದೆ. ಹಾಗಾಗಿ ನನ್ನ ಐದರಲ್ಲಿ ಮೂರು ತಿಳಿನೀಲಿ.