ಪರೀಕ್ಷೆಯ ಸಿದ್ಧತೆ: ಪುಸ್ತಕ ಮುಚ್ಚಿ ಓದುವ ಕ್ರಮ

ಒಂದೇ ಅಧ್ಯಾಯವನ್ನು ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ, ಆದರೆ ವಿಷಯ ನೆನಪಿನಲ್ಲಿ ಉಳಿದಿದೆ ಎಂಬುದಕ್ಕೆ ಅದು ಪುರಾವೆಯಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷಗಳ ಬಳಿಕ ಕೇಳಿದಾಗ ಮರು ಓದಿದವರು ಮುಂದಿದ್ದರು. ವಾರ ಕಳೆದ ಮೇಲೆ ಕೇಳಿದಾಗ, ಓದಿದ್ದನ್ನು ನೆನಪಿನಿಂದಲೇ ಬರೆದು ನೋಡಿದ್ದವರು ಅವರನ್ನು ಮೀರಿಸಿದ್ದರು.

ಆದ್ದರಿಂದ ಒಂದು ಭಾಗ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ನೆನಪಿಗೆ ಬಂದದ್ದನ್ನೆಲ್ಲ ಖಾಲಿ ಹಾಳೆಯಲ್ಲಿ ಬರೆಯಿರಿ. ದ್ಯುತಿಸಂಶ್ಲೇಷಣೆಯನ್ನು ಓದಿದ್ದರೆ, ಹೊರಬರುವ ಆಮ್ಲಜನಕದ ಮೂಲ ಯಾವುದೆಂದು ನಿಮ್ಮನ್ನೇ ಕೇಳಿಕೊಳ್ಳಿ. ಇಂಗಾಲದ ಡೈಆಕ್ಸೈಡ್ ಎಂದು ಬರೆದಿದ್ದರೆ ಅದನ್ನು ಹೊಡೆದುಹಾಕಿ, ನೀರು ಎಂಬ ಸರಿಯುತ್ತರವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಹೀಗೆ ತಿದ್ದಿದ ಹಾಳೆ ಯಾವ ಗೈಡಿಗಿಂತಲೂ ಹೆಚ್ಚು ಉಪಯುಕ್ತವೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ನೀವು ಎಲ್ಲಿ ಎಡವುತ್ತೀರಿ ಎಂಬುದನ್ನು ಅದೊಂದೇ ನಿಖರವಾಗಿ ತೋರಿಸುತ್ತದೆ. ಅದೇ ಪ್ರಶ್ನೆಗಳಿಗೆ ಮರುದಿನ, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು, ಮತ್ತೆ ವಾರದ ನಂತರ ನೋಡದೆ ಉತ್ತರಿಸಿ. ಗಣಿತದಲ್ಲಿ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಬಿಡಿಸುವ ಬದಲು ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಬೆರೆಸಿಕೊಳ್ಳಿ. ಯಾವ ಸೂತ್ರ ಬಳಸಬೇಕೆಂದು ಗುರುತಿಸುವುದೂ ಪರೀಕ್ಷೆಯ ಭಾಗವೇ.

ಹಿಂದಿನ ರಾತ್ರಿ ನಿದ್ದೆಗೆಡಬೇಡಿ, ಕಲಿತದ್ದು ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು.

ಪರೀಕ್ಷಾ ಕೊಠಡಿಯಲ್ಲಿ ಮೊದಲು ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ, ಅಂಕಗಳಿಗೆ ತಕ್ಕಂತೆ ಸಮಯ ಹಂಚಿಕೊಳ್ಳಿ. 180 ನಿಮಿಷಗಳಲ್ಲಿ 100 ಅಂಕಗಳಿಗೆ ಬರೆಯಬೇಕಿದ್ದು, ಓದಲು ಮತ್ತು ಪರಿಶೀಲಿಸಲು 20 ನಿಮಿಷ ತೆಗೆದಿಟ್ಟರೆ, 5 ಅಂಕದ ಪ್ರಶ್ನೆಗೆ 8 ನಿಮಿಷ ಸಿಗುತ್ತದೆ. ಆ ಅವಧಿ ಮೀರಿದರೆ ಉತ್ತರದ ಕೆಳಗೆ ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.